ಎಡಗೈ ಆಟ

ಅವಳು ಕಟ್ಟುಹಲ್ಲು ಮಾಡುವ ಕೆಲಸದವಳು. ದಂತವೈದ್ಯರು ಕಳಿಸಿದ ಅಚ್ಚಿಗೆ ಮೇಣ ತುಂಬಿ, ಒಂದೊಂದು ಹಲ್ಲನ್ನೂ ಕೆರೆದು ಕೂರಿಸುತ್ತ ಇಪ್ಪತ್ತು ವರ್ಷ ಕಳೆದಿದ್ದಳು. ಕೆಲಸದಲ್ಲಿ ತುಟಿ ಪಿಟಕ್ಕೆನ್ನದವಳು ಫೋನಿನಲ್ಲಿ ಬೇರೆಯೇ ಆಗುತ್ತಿದ್ದಳು. ಬೇರೆ ಬೇರೆ ಆಟಗಳ ಪಾತ್ರಗಳೆಲ್ಲ ಒಂದೇ ಕಣಕ್ಕಿಳಿದು ಹೊಡೆದಾಡುವ ವಿಡಿಯೊ ಗೇಮೊಂದರ ಅಭಿಮಾನಿಗಳ ಗುಂಪಿನಲ್ಲಿ ಅವಳ ಹೆಸರು 'ಗರಗಸ'. ಆಟದ ಹೊಸ ಭಾಗಕ್ಕೆ ಯಾವ ಪಾತ್ರಗಳು ಸೇರಬೇಕೆಂದು ಅಲ್ಲಿ ದಿನವೂ ಜಟಾಪಟಿ. ಗರಗಸ ಏನೆನ್ನುತ್ತಾಳೋ ಎಂದು ನೂರಾರು ಜನ ಕಾಯುತ್ತಿದ್ದುದು ಅವಳ ತಲೆಗೇರಿತ್ತು.

ಮನೆಯಲ್ಲಿ ಅವಳೂ ಅಣ್ಣನೂ ಇಬ್ಬರೇ. ಅಣ್ಣ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಹಿಂದಿನ ವರ್ಷ ಕಾಗದ ಕತ್ತರಿಸುವ ಯಂತ್ರ ಅವನ ಬಲಗೈಯ ನಾಲ್ಕು ಬೆರಳು ತೆಗೆದುಕೊಂಡಿತ್ತು. ಊಟಕ್ಕೆ ಕೂತಾಗ ಅವಳು ಗುಂಪಿನ ಜಗಳಗಳನ್ನೆಲ್ಲ ಹೇಳುತ್ತಿದ್ದಳು, ತನ್ನ ಅಡ್ಡಹೆಸರೊಂದನ್ನು ಬಿಟ್ಟು.

ಒಂದು ದಿನ 'ಹಳೇ ಹುಟ್ಟು' ಎಂಬ ಹೊಸಬರೊಬ್ಬರು ಗುಂಪಿನಲ್ಲಿ ಬರೆದರು: "ದೊಣಿಗಾರ ಬರಲಿ. ಅವನನ್ನ ಎಡಗೈಲೆ ಆಡಬಹುದು." ದೋಣಿಗಾರ ಎಲ್ಲರೂ ಮರೆತ ಆಟವೊಂದರ ಪಾತ್ರ; ದೋಣಿಯ ಹುಟ್ಟು ಬೀಸುವುದು ಬಿಟ್ಟರೆ ಅವನಿಗೆ ಬೇರೇನೂ ಬಾರದು.

ಯಾರೋ ಸೋಮಾರಿ ಸುಲಭದ ಪಾತ್ರ ಕೇಳುತ್ತಿದ್ದಾನೆಂದು ಅವಳೆಣಿಸಿದಳು. "ಎಡಗೈಲಿ ಆಡೋರು ಮನೇಲಿ ಬೀಸಣಿಗೆ ಬೀಸ್ಕೊಂಡಿರಿ. ಹಾಗೇ ದೀರ್ಘ ಕೊಡೋದನ್ನೂ ಕಲೀರಿ" ಎಂದು ಬರೆದಳು. ಗುಂಪು ಬಿದ್ದು ಬಿದ್ದು ನಕ್ಕಿತು. ಆಮೇಲೆ ಯಾರು ಬಡಪಾಯಿ ಪಾತ್ರ ಸೂಚಿಸಿದರೂ "ಬೀಸಣಿಗೆ ತಗೋ" ಎನ್ನುವುದು ರೂಢಿಯಾಯಿತು. ಅದನ್ನೂ ಅವಳು ಬೇರೆ ಯಾರೋ ಬರೆದದ್ದೆಂಬಂತೆ ಅಣ್ಣನಿಗೆ ಹೇಳಿ ನಕ್ಕಳು. ಅವನೂ ನಕ್ಕ.

ವಾರ ಕಳೆದು ಭಾನುವಾರ ಮಧ್ಯಾಹ್ನ ಅಣ್ಣ ತನ್ನ ಫೋನ್ ಕೊಟ್ಟ. "ಅಕ್ಷರ ಸಣ್ಣಗೆ ಕಾಣ್ತವೆ, ದೊಡ್ಡದು ಮಾಡಿಕೊಡು" ಎಂದು ಸ್ನಾನಕ್ಕೆ ಹೋದ. ಪರದೆಯ ಮೇಲೆ ಅದೇ ಗುಂಪು. ಹೆಸರಿನ ಜಾಗದಲ್ಲಿ 'ಹಳೇ ಹುಟ್ಟು'. ಗರಗಸದ ಮಾತಿನ ಕೆಳಗೆ, ಬರೆದು ಕಳಿಸದೆ ಬಿಟ್ಟ ಒಂದು ಸಾಲು: "ಬಲಗೈ ಆಗಲ್ಲ, ಅದಕೆ ಕೇಳಿದೆ."

ಅಕ್ಷರ ದೊಡ್ಡದು ಮಾಡಿದಳು. ಆ ಸಾಲೂ ದೊಡ್ಡದಾಯಿತು.

ಆಮೇಲೆ ತನ್ನ ಫೋನ್ ತೆಗೆದು ಗುಂಪಿನಲ್ಲಿದ್ದ ತನ್ನ ಮಾತನ್ನು ಅಳಿಸಿದಳು. ಅದಾಗಲೇ ನೂರು ಕಡೆ ಹಬ್ಬಿತ್ತು. ಎರಡು ದಿನ ಅಣ್ಣನ ಮುಖ ನೋಡಲಾಗಲಿಲ್ಲ. ಮೂರನೆಯ ದಿನ ತಟ್ಟೆ ನೋಡುತ್ತಲೇ ಬಾಯಿಬಿಟ್ಟಳು.

"ಅಣ್ಣಾ, ಆ ಗರಗಸ ಇದೆಯಲ್ಲ..."

"ನೀನೇ ಅಂತ ಗೊತ್ತು."

"ಯಾವಾಗಿಂದ?"

"ಓದಿದ ಕೂಡ್ಲೇ. ದೀರ್ಘ ಕೊಡೋದು ಕಲಿ ಅಂತ ಚಿಕ್ಕೋಳಿದ್ದಾಗ ನಿಂಗೆ ಹೇಳ್ತಿದ್ದೋನು ನಾನೇ ಅಲ್ವಾ?"

"ಮತ್ತೆ ಅವತ್ತು ಯಾಕೆ ನಕ್ಕೆ?"

ಅವನು ನೀರು ಕುಡಿದು ಲೋಟ ಇಟ್ಟ. "ಇಲ್ದಿದ್ರೆ ನೀನು ಮಾತಾಡೋದೇ ನಿಲ್ಲಿಸ್ತಿದ್ದೆ."

ಮಾರನೆಯ ದಿನ ಅವಳು ನಡೆದದ್ದನ್ನೆಲ್ಲ ಗುಂಪಿನಲ್ಲಿ ಬರೆದು ಕ್ಷಮೆ ಕೇಳಿದಳು. ಒಬ್ಬ "ಬೀಸಣಿಗೆ ತಗೋ" ಎಂದ, ಅದನ್ನು ತಡೆದುಕೊಂಡಳು. ಉಳಿದವರು ಅವಳದು ಎಷ್ಟು ದೊಡ್ಡ ಮನಸ್ಸು ಎಂದು ಹೊಗಳತೊಡಗಿದರು. ಅದನ್ನು ಓದಲಾಗದೆ ಗುಂಪು ಬಿಟ್ಟಳು.

ಹೊಸ ಪಾತ್ರಗಳ ಪಟ್ಟಿ ಮುಂದಿನ ತಿಂಗಳು ಬಂತು. ದೋಣಿಗಾರ ಅದರಲ್ಲಿ ಇರಲಿಲ್ಲ. ಊಟಕ್ಕೆ ಕೂತಾಗ ಅವಳಿಗೆ ಅದನ್ನು ತಿಳಿಸಿದವನು, ಗುಂಪಿನಲ್ಲೇ ಉಳಿದಿದ್ದ ಅಣ್ಣ.