ನಂಜುಂಡನ್ ಅವರ ಮಂಡಿ ಮತ್ತು ನಾಲ್ಕನೆಯ ಚಿತ್ರ

ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಪಂಪು ರಿಪೇರಿ ಮಾಡುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡದವನು ಫಿಟ್ಟರೇ ಅಲ್ಲ ಎಂದು ಹಟ ಹಿಡಿದವರು ಮಾತ್ರ ನಂಜುಂಡನ್ ಒಬ್ಬರೇ. ಅರವತ್ತೆರಡರ ಈ ಮನುಷ್ಯ ನನ್ನ ಮನೆಯ ಮಾಲೀಕರು. ನಾನು ಅವರ ಮಹಡಿಯ ಬಾಡಿಗೆದಾರ, ದಾವಣಗೆರೆಯ ಉಮಾಪತಿ, ಪಂಪ್ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಎಂಜಿನಿಯರ್ ಎಂಬುದನ್ನು ಅವರು ಹೇಗೋ ಕ್ಷಮಿಸಿದ್ದರು. ನನ್ನ ಕನ್ನಡವನ್ನು ಕ್ಷಮಿಸಿರಲಿಲ್ಲ.

"ನಿಮ್ದು ಇಸ್ಕೂಲ್ ಕನ್ನಡ ತಂಬಿ," ಎನ್ನುತ್ತಿದ್ದರು. "ನಮ್ದು ನಮ್ಮೂರಿನ, ಮಡತ್ತುಕುಳಂ ಕನ್ನಡ. ಹದಿನೈದು ತಲೆಮೊರೆಯಿಂದ ಮನೇಲೇ ಕಾಪಾಡಿಕೊಂಡು ಬಂದಿದ್ದು. ಯಾರೂ ಕಲಿಸಿಕೊಡ್ಲಿಲ್ಲ."

ಕೊನೆಯ ಮಾತು ಎಷ್ಟು ನಿಜ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಜನವರಿಯಲ್ಲೊಂದು ದಿನ ಅವರು ಕುಕ್ಕರಗಾಲಿನಲ್ಲಿ ಕೂತು ಬೋಲ್ಟು ಸಡಿಲಿಸುತ್ತಿದ್ದಾಗ ಸ್ಪ್ಯಾನರ್‌ಗೆಂದು ಪಕ್ಕಕ್ಕೆ ತಿರುಗಿದರು. ಬಲಮಂಡಿಯೊಳಗೆ ಏನೋ ಚಟ್ಟೆಂದಿತು. ಕೆಲಸ ನಿಲ್ಲಿಸಲಿಲ್ಲ. ಮರುದಿನ ಮಂಡಿ ಬನ್ನಿನಂತೆ ಊದಿಕೊಂಡಿತ್ತು. ಪಂಪು ಸದ್ದು ಮಾಡಿದ ದಿನವೇ ನಿಲ್ಲಿಸಿ ತರಬೇಕು, ಓಡಿಸಿ ಓಡಿಸಿ ಕೆಡಿಸಿ ತಂದರೆ ನಾನು ಮುಟ್ಟುವುದಿಲ್ಲ ಎಂದು ಗಿರಾಕಿಗಳಿಗೆ ಬೈಯುವುದು ಅವರ ನಿತ್ಯದ ಕಾಯಕ. ತಮ್ಮ ಮಂಡಿಯನ್ನು ಅವರು ಎಣ್ಣೆ, ಪಟ್ಟಿ, ಸೊಪ್ಪಿನ ಲೇಪಗಳ ಬಲದಲ್ಲಿ ಮೂರು ತಿಂಗಳು ಓಡಿಸಿದರು.

ಕೊನೆಗೆ ಹೆಂಡತಿ ಜಾನಮ್ಮ ಅವರನ್ನು ಆರ್.ಎಸ್. ಪುರಂನ ಮೂಳೆ ಡಾಕ್ಟರ್ ರಾಜೇಂದ್ರನ್ ಅವರಲ್ಲಿಗೆ ಎಳೆದುಕೊಂಡು ಹೊರಟರು. ಜೊತೆಗೆ ನಾನೂ ಹೋದೆ. ಡಾಕ್ಟರು ಸ್ಕ್ಯಾನ್ ತೋರಿಸಿ ವಿವರಿಸಿದರು. ಮಂಡಿಯ ಎರಡು ಮೂಳೆಗಳ ನಡುವೆ ಒಂದು ಮೆತ್ತೆ ಇರುತ್ತದೆ, ಅದು ಹರಿದಿದೆ. ಸವೆತವೂ ಇದೆ, ಆದರೆ ವಯಸ್ಸಿಗೆ ತಕ್ಕಷ್ಟೇ.

"ಗ್ರೀಸ್ ಹಾಕ್ಸಿಬಿಟ್ರೆ?" ಎಂದರು ನಂಜುಂಡನ್.

ಡಾಕ್ಟರು ನಗಲಿಲ್ಲ. ಇಂಜೆಕ್ಷನ್ನಿನ ಉಪಶಮನ ಸ್ವಲ್ಪ ಕಾಲದ್ದು. ಕೀಲು ಬದಲಿಸುವುದು ಮೂಳೆಗೆ ಮೂಳೆ ಉಜ್ಜುವಷ್ಟು ಸವೆದವರಿಗೆ. ಇವರ ಮಂಡಿ ಮಡಚುವಾಗ ಸಿಕ್ಕಿಹಾಕಿಕೊಳ್ಳುವುದಿಲ್ಲ, ಹಾಗಾಗಿ ಈಗಲೇ ಕತ್ತರಿ ಬೇಡ. ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಭಾರ ಅದು ಹೊರುತ್ತದೆ. ಆರು ವಾರ ವ್ಯಾಯಾಮ ಮಾಡಿ, ಆಗಲೂ ಇಳಿಯದಿದ್ದರೆ ಸಣ್ಣ ರಂಧ್ರ ಮಾಡಿ ಹರಿದದ್ದನ್ನು ಸರಿಪಡಿಸುವ ಯೋಚನೆ ಮಾಡೋಣ ಎಂದರು.

ನಂಜುಂಡನ್ ಹೆದರಿಬಿಟ್ಟರು. "ಬಿಚ್ಚಿದ ಪಂಪು ಬಿಚ್ಚಿದ್ದೇ ತಂಬಿ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ನಾನು ಬಿಚ್ಚಿದ್ದನ್ನ ನಾನೇ ನೋಡಿಲ್ವಾ."

ವ್ಯಾಯಾಮ ಹೇಳಿಕೊಡುವ ಹುಡುಗಿ ಚೈತನ್ಯಾ, ಹಾಸನದವಳು, ಕೊಯಮತ್ತೂರಿಗೆ ಬಂದು ಎಂಟು ತಿಂಗಳಾಗಿತ್ತು. ನಾವೂ ಕನ್ನಡದೋರೇ ಎಂದು ಇವರು ಹೇಳಿದ್ದೇ ತಡ, ಅವಳು ಅಚ್ಚಾದ ತಮಿಳು ಹಾಳೆಯನ್ನು ಪಕ್ಕಕ್ಕಿಟ್ಟು, ಬಿಳಿ ಹಾಳೆಯಲ್ಲಿ ದುಂಡಗೆ ಕನ್ನಡದಲ್ಲೇ ಬರೆದು, ನಾಲ್ಕು ಚಿತ್ರಗಳನ್ನೂ ಬಿಡಿಸಿ ಕೊಟ್ಟಳು. ಮೊದಲ ಮೂರನ್ನು ಮಂಚದ ಮೇಲೆ ಮಾಡಿಸಿಯೂ ತೋರಿಸಿದಳು. ನಂಜುಂಡನ್ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣನ್ನು ಎಡದಿಂದ ಬಲಕ್ಕೆ ಸಾಲುಸಾಲಾಗಿ ಓಡಿಸಿ, ತಲೆದೂಗಿದರು.

"ಶರಿ. ರೊಂಬ ಚೆನ್ನಾಗಿ ಬರ್ದಿದ್ದೀಯಮ್ಮ," ಎಂದರು.

ಅಂದಿನಿಂದ ದಿನಾ ಬೆಳಿಗ್ಗೆ ಕೆಳಗಿನಿಂದ ತಮಿಳು ಎಣಿಕೆ ಕೇಳಿಸತೊಡಗಿತು. ಒಂದು ದಿನವೂ ತಪ್ಪಿಸಲಿಲ್ಲ. ಅಂಥ ಶ್ರದ್ಧೆ ನನ್ನ ಕಂಪನಿಯಲ್ಲಿ ಯಾರಿಗೂ ಇಲ್ಲ. ಮಂಡಿ ಮಾತ್ರ ದಿನದಿನಕ್ಕೆ ಊದುತ್ತ ಹೋಯಿತು. ಐದನೆಯ ವಾರಕ್ಕೆ ಅವರು ಮೆಟ್ಟಿಲನ್ನು ಅಡ್ಡಡ್ಡಲಾಗಿ ಇಳಿಯುತ್ತಿದ್ದರು. ತಪ್ಪು ಹಾಸನದ್ದೇ ಎಂಬ ತೀರ್ಮಾನಕ್ಕೂ ಬಂದಿದ್ದರು.

ಅದೇ ವಾರ ನಾನು ಕರೆಂಟ್ ಆಫೀಸಿನಿಂದ ಬಂದ ತಮಿಳು ನೋಟೀಸನ್ನು ಓದಿಸಿಕೊಳ್ಳಲು ಕೆಳಗೆ ಹೋದೆ. ಮೂರು ವರ್ಷವಾದರೂ ನನಗೆ ತಮಿಳು ಅಕ್ಷರ ಬರುವುದಿಲ್ಲ, ಅದಕ್ಕೆ ನಾಚಿಕೆಯೂ ಇಲ್ಲ. ಹೊರಗಿನಿಂದ ಬಂದವರಿಗೆ ಇಂಥ ರಿಯಾಯಿತಿಗಳು ಸಿಗುತ್ತವೆ.

ಬಾಗಿಲು ತೆರೆದಿತ್ತು. ಚೈತನ್ಯಾಳ ಹಾಳೆ ದೇವರ ಪಟದ ಪಕ್ಕದಲ್ಲಿ ಗೋಡೆಗೆ ಅಂಟಿತ್ತು. ನಂಜುಂಡನ್ ಕಿಟಕಿಯ ಸರಳು ಹಿಡಿದು, ಹಲ್ಲು ಕಚ್ಚಿ, ಕುಕ್ಕರಗಾಲಿನಲ್ಲಿ ಕೂರುವುದು, ಏಳುವುದು, ಮತ್ತೆ ಕೂರುವುದು ಮಾಡುತ್ತಿದ್ದರು. ಹದಿನೆಂಟು, ಹತ್ತೊಂಬತ್ತು. ನಾಲ್ಕನೆಯ ಚಿತ್ರದಲ್ಲೂ ಒಬ್ಬ ಹಾಗೆಯೇ ಕೂತಿದ್ದ. ಅವನ ಮೇಲೆ ದಪ್ಪನೆಯ ಇಂಟು ಗುರುತು. ಕೆಳಗೆ ದುಂಡನೆಯ ಅಕ್ಷರ: ಹೀಗೆ ಕೂರಲೇಬಾರದು.

"ಉಳಿದದ್ದು ಹತ್ತತ್ತು ಸಲ," ಎಂದರು ಅವರು ಬೆವರು ಒರೆಸಿಕೊಳ್ಳುತ್ತ. "ಇದು ಇಪ್ಪತ್ತು. ಇದಕ್ಕೆ ಗುರ್ತು ಹಾಕವ್ಳಲ್ವಾ."

ಅವರ ಅಂಗಡಿಯಲ್ಲಿ ಪಂಪಿನ ಮೇಲೆ ಸೀಮೆಸುಣ್ಣದಿಂದ ಹೀಗೆ ಗುರುತು ಹಾಕಿದರೆ, ಕೆಲಸ ನಡೆಯಬೇಕಾದ ಜಾಗ ಇದೇ ಎಂದರ್ಥ.

ನಾನು ನೇರವಾಗಿ ಹೇಳಬಹುದಿತ್ತು. ಹೇಳಲಿಲ್ಲ. ಮೂರು ವರ್ಷದ ಇಸ್ಕೂಲ್ ಕನ್ನಡದ ಸೇಡು ನಾಲಿಗೆಯ ತುದಿಗೆ ಬಂದಿತ್ತು. "ಅಣ್ಣಾ, ಅದರ ಕೆಳಗೆ ಏನು ಬರೆದಿದೆ?" ಎಂದು ಕೇಳಿದೆ. ಆ ಪ್ರಶ್ನೆಗಾಗಿ ನನಗೆ ಇವತ್ತಿಗೂ ಬೇಸರವಿದೆ.

ಅವರು ಹಾಳೆ ನೋಡಿದರು, ಒಳಬಾಗಿಲಲ್ಲಿ ನಿಂತಿದ್ದ ಜಾನಮ್ಮನನ್ನು ನೋಡಿದರು, ಆಮೇಲೆ ನನ್ನ ಕೈಯಲ್ಲಿದ್ದ ನೋಟೀಸನ್ನು ನೋಡಿದರು.

"ತೆರಿಯಲ್ಲ ತಂಬಿ, ಗೊತ್ತಿಲ್ಲ," ಎಂದರು. "ನಮ್ಮ ಮನೇಲಿ ಒಬ್ರಿಗೂ ಆ ಅಕ್ಷರ ಬರಲ್ಲ."

ನಾನು ಓದಿ ಹೇಳಿದೆ. ಅವರು ಮೆಲ್ಲನೆ ಹೋಗಿ ಕುರ್ಚಿಯಲ್ಲಿ ಕೂತರು.

"ಅಂಗಾರೆ ಐದು ವಾರ ಇವರು ಮಾಡಿದ್ದು ಏನ?" ಎಂದು ಜಾನಮ್ಮ ಕೇಳಿದರು.

ಮರುದಿನ ಆರ್.ಎಸ್. ಪುರಂಗೆ ಹೋದೆವು. ಡಾಕ್ಟರು ಮಂಡಿಯನ್ನು ಒತ್ತಿ ನೋಡಿ, ಊತ ಇಳಿಯಲು ಐಸು ಬರೆದು, ಇಂದಿನಿಂದ ಹೊಸದಾಗಿ ಆರು ವಾರ ಎಂದರು. ಚೈತನ್ಯಾಳ ಕಣ್ಣು ತುಂಬಿ ಬಂತು. ತಪ್ಪು ನನ್ನದೇ ಎಂದು ಅವಳು ತಮಿಳು ಹಾಳೆ ತರಲು ಎದ್ದಳು. ನಂಜುಂಡನ್ ಬೇಡವೆಂದರು.

"ನೀನು ಕನ್ನಡದಲ್ಲೇ ಹೇಳಮ್ಮ. ನಾನು ಬರ್ಕೋತೀನಿ."

ಅವಳು ಕನ್ನಡದಲ್ಲಿ ಹೇಳಿದಳು. ಅವರು ತಮಿಳು ಅಕ್ಷರದಲ್ಲಿ ಒಂದೊಂದೇ ಮಾತನ್ನು ಬರೆದುಕೊಂಡರು.

ಹಳೆಯ ಹಾಳೆಯ ಜಾಗದಲ್ಲಿ ಈಗ ಅದಿದೆ. ಅದನ್ನು ಓದಲು ನನ್ನಿಂದ ಆಗುವುದಿಲ್ಲ. ಮಂಡಿ ಸ್ವಲ್ಪ ಇಳಿದಿದೆ, ನಾಲ್ಕು ವಾರ ಬಾಕಿ ಇದೆ. ಮೊನ್ನೆ ಅಂಗಡಿಯ ಮುಂದೆ ಹಾಯುವಾಗ ಅವರು ಪಂಪನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕಾಣುವಂತೆ ಸ್ಟೂಲಿನ ಮೇಲೆ ಕೂತಿದ್ದರು. ಹಾಳೆಯ ಮೊದಲ ಸಾಲು ಏನು ಎಂದು ಕೇಳಿದೆ. ಈ ಸಲ ತಿಳಿದುಕೊಳ್ಳಲೆಂದೇ ಕೇಳಿದ್ದು.

"ಕುಕ್ಕರಗಾಲಲ್ಲಿ ಕೂರ್ಬಾರ್ದು," ಎಂದು ಒತ್ತಿ ಹೇಳಿ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ನಾನು ಮೊದಲ ಸಲ ಬರ್ದ ಕನ್ನಡ ತಂಬಿ. ಬರೀಬೇಕಾಗಿ ಬಂದಿದ್ದು ಇದನ್ನ, ನೋಡು."