ಅತ್ತೆ ಹಿಡಿಯದೆ ಬಿಟ್ಟ ಸೊಲ್ಲು

ನನ್ನ ದನಿ ಹುಟ್ಟಿನಿಂದಲೇ ಸಣ್ಣದು. ಸಂತೆಯಲ್ಲಿ ಕೂಗಿ ಕರೆದರೆ ಪಕ್ಕದಲ್ಲಿದ್ದವರೂ ತಿರುಗಿ ನೋಡುತ್ತಿರಲಿಲ್ಲ. ಹಾಗಂತ ನಾನೇನು ಮೆತ್ತಗಿನ ಹೆಂಗಸಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಾಲಿಗೆಯೂ ಹರಿತ. ಬೈದರೂ ಬೈದ ಹಾಗೆ ಕೇಳಿಸದಂಥ ದನಿ ಕೊಟ್ಟು ದೇವರು ನನ್ನನ್ನು ಗೇಲಿ ಮಾಡಿದ್ದಾನೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ.

ಇಂಥ ದನಿ ಹೊತ್ತುಕೊಂಡು ಸೋಬಾನೆ ಹಾಡುವ ಮನೆತನಕ್ಕೇ ಸೊಸೆಯಾಗಿ ಬಂದೆ. ಗಂಡನ ನೌಕರಿ ಗಾರ್ಡನ್ ರೀಚಿನಲ್ಲಿ, ಹಡಗು ಕಟ್ಟುವ ಕಾರ್ಖಾನೆಯಲ್ಲಿ. ಮದುವೆಯಾದ ಹೊಸತರಲ್ಲೇ ಧಾರವಾಡದ ಕಡೆಯಿಂದ ಕೋಲ್ಕತ್ತಾಕ್ಕೆ ಬಂದ ನಾವು ಅಲ್ಲಿಯ ಕ್ವಾರ್ಟರ್ಸಿನಲ್ಲೇ ಬೇರುಬಿಟ್ಟೆವು. ಮಾವ ತೀರಿಕೊಂಡ ಮೇಲೆ ಅತ್ತೆಯೂ ನಮ್ಮ ಜೊತೆಗೆ ಬಂದು ಇದ್ದರು. ಅವರದು ತುಂಬಿದ ದನಿ, ಹಿತ್ತಾಳೆ ಕೊಡದೊಳಗೆ ಮಾತಾಡಿದಂಥದ್ದು. ಸಾಲಿನ ಕೊನೆಯಲ್ಲಿ ಎಳೆದು ನಿಲ್ಲಿಸುವಾಗ ಆ ದನಿ ಸಣ್ಣಗೆ ಅಲುಗುತ್ತಿತ್ತು. ಕೇಳುವವರ ಎದೆಯೊಳಗೆ ಏನೋ ಅಲ್ಲಾಡಿದ ಹಾಗಾಗುತ್ತಿತ್ತು. ಆ ಅಲುಗು ನನಗೆ ಬೇಕಿತ್ತು. ಬಂಗಾರದ ಬಳೆಗಿಂತ ಹೆಚ್ಚಾಗಿ ಬೇಕಿತ್ತು.

ಅವರ ಮನೆತನದಲ್ಲಿ ಸೋಬಾನೆಗೆ ಒಂದು ರೂಢಿಯಿತ್ತು. ಸೊಸೆ ಸೊಲ್ಲು ಎತ್ತಬೇಕು, ಅತ್ತೆ ಹಿಡಿಯಬೇಕು. ಎಂದರೆ ಸೊಸೆ ಒಂದು ಸಾಲು ಹಾಡುತ್ತಾಳೆ, ಅದು ಮುಗಿಯುವ ಮೊದಲೇ ಅತ್ತೆ ಅದರ ತುದಿಯನ್ನು ತನ್ನ ದನಿಗೆ ತೆಗೆದುಕೊಂಡು ತಿರುಗಿ ಹಾಡುತ್ತಾಳೆ. ಉಳಿದ ಹೆಂಗಸರೆಲ್ಲ ಅತ್ತೆಯ ಹಿಂದೆ ಹೋಗುತ್ತಾರೆ. ಎರಡು ದನಿಯ ನಡುವೆ ಖಾಲಿ ಬಿಡುವಂತಿಲ್ಲ. ಮದುಮಗಳ ಮುಂದೆಯೋ ಬಸುರಿಯ ಮುಂದೆಯೋ ಸೊಲ್ಲು ನಡುವೆ ಬಿದ್ದರೆ ಅದು ಶುಭವಲ್ಲ ಎಂದು ಅತ್ತೆ ಗಟ್ಟಿಯಾಗಿ ನಂಬಿದ್ದರು. ನನ್ನ ಸಣ್ಣ ದನಿ ಎಸೆದದ್ದನ್ನು ಅವರು ವರ್ಷಾನುಗಟ್ಟಲೆ ಒಂದೂ ಬೀಳದ ಹಾಗೆ ಹಿಡಿದಿದ್ದರು.

ಆ ಕಾಲಕ್ಕೆ ಸಾಲ್ಟ್ ಲೇಕಿನ ಕಡೆ ಕಂಪ್ಯೂಟರ್ ಕಂಪನಿಗಳು ಸಾಲಾಗಿ ಏಳುತ್ತಿದ್ದವು. ಬೆಂಗಳೂರು, ಹುಬ್ಬಳ್ಳಿ ಕಡೆಯ ಹುಡುಗ ಹುಡುಗಿಯರು ವರ್ಗವಾಗಿ ಬಂದು ಬಾಡಿಗೆ ಫ್ಲ್ಯಾಟು ಹಿಡಿಯುತ್ತಿದ್ದರು. ಊರಲ್ಲಿದ್ದರೆ ಸೋಬಾನೆ ಎಂದಾಗ ಮೂಗು ಮುರಿಯುತ್ತಿದ್ದ ಮಕ್ಕಳು ಇಲ್ಲಿ ಬಂದ ಮೇಲೆ ಬಸುರಿಯ ಕುಬಸಕ್ಕೂ ಕೂಸಿನ ತೊಟ್ಟಿಲಿಗೂ ಪದ ಬೇಕೇ ಬೇಕು ಅನ್ನತೊಡಗಿದರು. ನಮ್ಮ ಮನೆಯ ಫೋನಿಗೆ ಬಿಡುವಿಲ್ಲದಾಯಿತು. ಅತ್ತೆಯ ಹಿಗ್ಗು ನೋಡಬೇಕಿತ್ತು. ಬಂಗಾಳಿ ಬಾರದ, ಹಿಂದಿಯಲ್ಲಿ ಮೀನಿನವನಿಗೆ ಬೇಡ ಅನ್ನುವಷ್ಟು ಮಾತ್ರ ಬರುವ ಮುದುಕಿ ಅವರು. ಈ ಊರಲ್ಲಿ ಅವರನ್ನು ಯಾರಾದರೂ ಎದುರುನೋಡುತ್ತಿದ್ದರು ಅಂದರೆ ಅದು ಪದಕ್ಕಾಗಿ ಮಾತ್ರ. ಇಳಕಲ್ ಸೀರೆಯುಟ್ಟು, ಬಾಯಲ್ಲಿ ಲವಂಗ ಇಟ್ಟುಕೊಂಡು ಟ್ಯಾಕ್ಸಿ ಹತ್ತುವಾಗ ಅವರ ಗತ್ತೇ ಬೇರೆ.

ಸೊಲ್ಲು ಮೊದಲು ಬಿದ್ದದ್ದು ಅಲಿಪುರದಲ್ಲಿ, ಸರ್ಕಾರಿ ಅಧಿಕಾರಿಯೊಬ್ಬರ ಸೊಸೆಯ ಕುಬಸದಲ್ಲಿ. ತವರಿನಿಂದ ಹಸಿರು ಬಳೆ ಬರುವ ಪದ ಎತ್ತಿ ಸಾಲಿನ ಕೊನೆಗೆ ಬಂದೆ. ಅತ್ತೆ ಹಿಡಿಯಲಿಲ್ಲ. ನನ್ನ ಉಸಿರು ಮುಗಿಯಿತು, ಕೋಣೆ ಸುಮ್ಮನಾಯಿತು. ಫ್ಯಾನು ತಿರುಗುವ ಸದ್ದು ಬಿಟ್ಟರೆ ಏನೂ ಇಲ್ಲ. ಅತ್ತೆ ನನ್ನ ಮುಖ ನೋಡಿ, ತಡಬಡಿಸಿ, ಬೇರೆಯದೇ ಸಾಲು ಹಿಡಿದರು. ಊಟದ ಹೊತ್ತಿಗೆ ಹೆಂಗಸರು ಕೇಳಿದಾಗ ಎಲ್ಲರ ಎದುರು ಒಂದೇ ಮಾತಲ್ಲಿ ಮುಗಿಸಿಬಿಟ್ಟರು, "ಏನ ಮಾಡೂದವಾ, ನಮ್ಮ ಸೊಸೀ ದನಿ ಸಣ್ಣದು. ಕೇಳಿದರ ಹಿಡೀಬೇಕಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕೇಳಿಸಿದ್ದು ಇವತ್ತು ಕೇಳಿಸಲಿಲ್ಲವೇ? ಆದರೆ ಆ ಮಾತು ತಲೆಯೊಳಗೆ ಕೂತಿತು. ದನಿ ಸಣ್ಣದೆಂಬುದು ಸುಳ್ಳೇನಲ್ಲವಲ್ಲ.

ಹಟಕ್ಕೆ ಬಿದ್ದು ಬಾಲಿಗಂಜಿನಲ್ಲಿ ಹಾಡು ಕಲಿಸುವ ಬಂಗಾಳಿ ಹೆಂಗಸೊಬ್ಬರನ್ನು ಹುಡುಕಿಕೊಂಡು ಹೋದೆ. ದೋಣಿಯವರು ನದಿಯ ಮೇಲೆ ಹಾಡುವ ಪದಗಳನ್ನು ಕಲಿಸುತ್ತಿದ್ದರು. ಎಲ್ಲರೂ ಅವರನ್ನು ದೀದಿ ಅನ್ನುತ್ತಿದ್ದರು, ನಾನೂ ಅಂದೆ. ಮೊದಲ ದಿನ ನನ್ನ ಒಂದು ಪದ ಕೇಳಿ, ಸಣ್ಣ ದನಿ ರೋಗವಲ್ಲ, ಆದರೆ ನೀನು ಅದನ್ನು ಗಂಟಲಲ್ಲೇ ಕಟ್ಟಿಹಾಕಿದ್ದೀಯ ಅಂದರು. ಕಿರುಚಿದರೆ ದನಿ ದಪ್ಪವಾಗುವುದಿಲ್ಲ, ಒಡೆಯುತ್ತದೆ. ತುಟಿ ಮುಚ್ಚಿ ಗುಂಯ್ ಅನ್ನು, ಮೂಗಿನ ಎಲುಬಲ್ಲಿ, ಎದೆಯಲ್ಲಿ ಅದು ಎಲ್ಲಿ ಝುಮ್ ಅನ್ನುತ್ತದೋ ಕೈಯಿಟ್ಟು ನೋಡು, ಆಮೇಲೆ ಅದೇ ಜಾಗದಿಂದ ಬಾಯಿ ತೆರೆ ಅಂದರು. ನಾನು ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಗುಂಯ್ಗುಟ್ಟಿದೆ. ಆಗಲೇ ಕೆಲಸಕ್ಕೆ ಸೇರಿದ್ದ ಮಗಳು, ಅಮ್ಮಾ, ಫ್ರಿಜ್ ಕೆಟ್ಟಿದೆಯಾ ಎಂದು ಹಿಂದಿಯಲ್ಲಿ ಕೇಳಿ ನಕ್ಕಳು.

ಅಲುಗು ಮಾತ್ರ ಬೇಗ ಕೈಗೆ ಹತ್ತಲಿಲ್ಲ. ಅದನ್ನು ಮಾಡಬೇಕು ಅಂದಾಗಲೆಲ್ಲ ನಾನು ಗದ್ದ ಅಲ್ಲಾಡಿಸುತ್ತಿದ್ದೆ. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, ಚಳಿಜ್ವರ ಬಂದವರ ಹಾಗೆ ಯಾಕೆ ನಡುಗುತ್ತೀ ಎಂದು ಕೇಳಿದರು. ದೀದಿಯೂ ಅದನ್ನೇ ಬೇರೆ ರೀತಿ ಹೇಳಿದರು. ಅಲುಗು ಮಾಡುವುದಲ್ಲ, ಬಿಡುವುದು. ಹೊಟ್ಟೆಯಿಂದ ಉಸಿರು ಒಂದೇ ಸಮ ಬರಲಿ, ಭುಜ ಗದ್ದ ಗಂಟಲು ಎಲ್ಲ ಸಡಿಲ ಬಿಡು, ಸಾಲಿನ ಕೊನೆಯಲ್ಲಿ ಅದು ತಾನಾಗಿ ಬರುತ್ತದೆ. ಹಳ್ಳಿಯ ಪದಕ್ಕೆ ಉದ್ದಕ್ಕೂ ಹಚ್ಚಬೇಡ, ಎಳೆದು ನಿಲ್ಲಿಸುವ ಕಡೆ ಮಾತ್ರ ಸಾಕು, ಇಲ್ಲದಿದ್ದರೆ ಸಿನಿಮಾ ಹಾಡಾಗುತ್ತದೆ. ಆರು ತಿಂಗಳೋ ಏಳು ತಿಂಗಳೋ ಆದ ಮೇಲೆ ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಾ ಹಾಡಿಕೊಳ್ಳುವಾಗ ಅದು ಬಂತು. ಕೈಯಲ್ಲಿದ್ದ ಟವೆಲ್ಲು ಹಾಗೇ ಹಿಡಿದು ನಿಂತೆ. ನನ್ನ ದನಿಯೇ ನನಗೆ ಹೊಸದೆನಿಸಿ ಕಣ್ಣು ತುಂಬಿತು.

ಈ ಸಂಭ್ರಮದಲ್ಲೇ ಬಾಲಿಗಂಜಿನ ಒಂದು ಮನೆಯ ಅರಿಸಿನದ ಕಾರ್ಯಕ್ಕೆ ಹೋದೆವು. ಈ ಸಲ ತೋರಿಸುತ್ತೇನೆ ಎಂದು ಮನಸ್ಸಲ್ಲೇ ಸೆರಗು ಕಟ್ಟಿಕೊಂಡಿದ್ದೆ. ಎತ್ತಿದೆ. ಹೆಂಗಸರು ಮುಖ ಮುಖ ನೋಡಿಕೊಂಡರು, ದನಿ ಅಷ್ಟು ತುಂಬಿತ್ತು. ಸಾಲಿನ ತುದಿ ಅಲುಗಿ ನಿಂತಿತು. ಅತ್ತೆ ಹಿಡಿಯಲಿಲ್ಲ. ಮತ್ತೆ ಬಿತ್ತು. ಅಂದು ಅವರು ನನ್ನನ್ನು ದೂರಲಿಲ್ಲ. ಗಂಟಲು ಕಟ್ಟಿದೆ ಎಂದು ಹೇಳಿ ಗೋಡೆಗೆ ಒರಗಿ ಕೂತರು. ಆ ಮುಖ ನೋಡಿ ನನ್ನ ಗೆಲುವೆಲ್ಲ ಇಳಿದುಹೋಯಿತು.

ಆಮೇಲೆ ಮನೆಯಲ್ಲಿ ಅವರನ್ನು ಗಮನಿಸತೊಡಗಿದೆ. ನಮ್ಮ ಮನೆಯ ಕರೆಗಂಟೆ ಹಕ್ಕಿಯ ಹಾಗೆ ಚಿಲಿಪಿಲಿಗುಟ್ಟುವಂಥದ್ದು. ಬಾಗಿಲ ಪಕ್ಕದಲ್ಲೇ ಕೂತಿದ್ದರೂ ಅವರು ಏಳುತ್ತಿರಲಿಲ್ಲ. ಕುಕ್ಕರಿನ ಸೀಟಿಗೆ ತಿರುಗುತ್ತಿರಲಿಲ್ಲ. ಆದರೆ ಹೂಗ್ಲಿ ನದಿಯಲ್ಲಿ ಹಡಗು ಭೋಂ ಎಂದರೆ ಸಾಕು, ಇವತ್ತು ಯಾವುದೋ ದೊಡ್ಡದು ಬಂದಿದೆ ಅನ್ನುತ್ತಿದ್ದರು. ಅವರ ಮಗನ, ಎಂದರೆ ನನ್ನ ಗಂಡನ, ಮಾತು ಕೇಳಿಸುತ್ತಿತ್ತು, ನನ್ನದು ಅಡುಗೆಮನೆಯಿಂದ ಕೇಳಿಸುತ್ತಿರಲಿಲ್ಲ. ದಪ್ಪ ಸದ್ದು ಉಳಿದಿತ್ತು, ಸಣ್ಣ ಸದ್ದು ಹೋಗಿತ್ತು. ಎಷ್ಟು ತುಂಬಿಕೊಂಡರೂ ಹೆಣ್ಣಿನ ಎತ್ತರದ ದನಿ ಗಂಡಿನ ದನಿಯಾಗುವುದಿಲ್ಲವಲ್ಲ. ನಾನು ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ತಿಂಗಳುಗಟ್ಟಲೆ ದನಿಗೆ ಮದ್ದು ಹಾಕಿಸಿಕೊಂಡಿದ್ದೆ. ಕೆಟ್ಟದ್ದು ಅವರ ಕಿವಿ.

ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ನನ್ನ ಮೇಲೆ ಹಾಕಿದ್ದರು. ಸಿಟ್ಟು ಬರಬೇಕಿತ್ತು, ನನ್ನಂಥವಳಿಗೆ ಬರಲೇಬೇಕಿತ್ತು. ಬಂದದ್ದು ಸಂಕಟ. ಡಾಕ್ಟರಿಗೆ ತೋರಿಸೋಣವೇ ಎಂದು ನನ್ನ ಗಂಡ ಒಮ್ಮೆ ಸುಳುಹು ಕೊಟ್ಟಾಗ ಅವರು ಹರಿಹಾಯ್ದ ರೀತಿ ನೋಡಿಯೇ ನನಗೆ ಅರ್ಥವಾಗಿತ್ತು. ಕಿವುಡಿ ಎಂದು ಹೆಸರಾದರೆ ಪದಕ್ಕೆ ಯಾರು ಕರೆಯುತ್ತಾರೆ? ಕರೆದರೂ ಮೂಲೆಯ ಕುರ್ಚಿಯಲ್ಲಿ ಕೂರಿಸಿ ಕೈಗೊಂದು ಸಂದೇಶ್ ಮಿಠಾಯಿಯ ತಟ್ಟೆ ಕೊಡುತ್ತಾರೆ. ಈ ಊರಲ್ಲಿ ಅವರಿಗಿದ್ದ ಒಂದೇ ಜಾಗ ಹೋಗುತ್ತದೆ. ಅದಕ್ಕಿಂತ ಸೊಸೆಯ ದನಿ ಸಣ್ಣದು ಅನ್ನುವುದು ಸುಲಭವಾಗಿತ್ತು. ನಾನು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಮಗಳಿಗೆ ಮದುವೆಯಾಗಿ ಅವಳ ಕುಬಸವೇ ಬಂತು. ಅವಳ ಆಫೀಸಿನವರಿಗೆ ಅದು ಬಂಗಾಳಿಗಳ ಶಾಧ್ ಇದ್ದ ಹಾಗೆ ಎಂದು ಹೇಳಿ ಕರೆದಿದ್ದಳು. ಅಜ್ಜಿಯೇ ಹಾಡಬೇಕು ಎಂದು ಅವಳ ಹಟ. ಅತ್ತೆ ಮಾತ್ರ ಈ ಸಲ ತಾವು ಹಾಡುವುದಿಲ್ಲ, ಸುಸ್ತು ಅಂದರು. ಮೊಮ್ಮಗಳ ಮುಂದೆ ಸೊಲ್ಲು ಬಿದ್ದರೆ ಅನ್ನುವ ಹೆದರಿಕೆ ಅದು. ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದರೆ ಅದು ತಮ್ಮಿಂದಲೇ ಎಂದು ಸಾಯುವವರೆಗೂ ಕೊರಗುವ ಹೆಂಗಸು ಅವರು. ಎರಡು ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ.

ನಾನು ಅಡುಗೆ ಮಾಡುತ್ತಾ ಅದನ್ನೇ ಯೋಚಿಸಿದೆ. ಊರಲ್ಲಿ ಅತ್ತೆ ತಮ್ಮ ಅತ್ತೆಯ ಎದುರು ಬೀಸುಕಲ್ಲಿಗೆ ಕೂತು ಪದ ಕಲಿತವರು. ಇಬ್ಬರೂ ಒಂದೇ ಗೂಟ ಹಿಡಿದು ಬೀಸುತ್ತಿದ್ದರಂತೆ. ಎದುರಿನವಳ ಕೈ ಯಾವಾಗ ಎಳೆಯುತ್ತದೆ, ಯಾವಾಗ ಸಡಿಲಾಗುತ್ತದೆ ಎಂಬುದು ಗೂಟದಲ್ಲೇ ತಿಳಿಯುತ್ತಿತ್ತು. ಕಲ್ಲಿನ ಗುಡುಗುಡು ಸದ್ದಿನಲ್ಲಿ ಕಿವಿಗೆ ಎಷ್ಟು ಬಿದ್ದೀತು? ಆಗ ದೀದಿ ಎದೆಯ ಮೇಲೆ ಕೈಯಿಡಿಸಿದ್ದು ನೆನಪಾಯಿತು.

ಕುಬಸದ ದಿನ ಮಗಳಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ನಾನು ಅತ್ತೆಯನ್ನು ಕೈಹಿಡಿದು ಕರೆತಂದು ನನ್ನ ಹಿಂದೆ, ಅವರ ಮೊಣಕಾಲು ಬೆನ್ನಿಗೆ ತಾಗುವಷ್ಟು ಹತ್ತಿರ ಕೂರಿಸಿಕೊಂಡೆ. ಕಿವಿಯ ಹತ್ತಿರ ಬಾಗಿ ನನ್ನಿಂದಾದಷ್ಟು ದಪ್ಪ ದನಿ ಮಾಡಿ ಹೇಳಿದೆ, "ಅತ್ತೀ, ಮುಂಜಾನಿಂದ ಬೆನ್ನು ಹಿಡದೈತ್ರಿ. ನೀವು ಕೈ ಇಟ್ಟರ ಕೂಡಾಕ ಆಗತೈತಿ ನೋಡ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಬೆನ್ನು ನೋವಿಲ್ಲ ಎಂದು ಅವರಿಗೆ ಆ ಕ್ಷಣವೇ ಗೊತ್ತಾಗಿರಬೇಕು. ಅಂಗೈಯನ್ನು ನನ್ನ ಹೆಗಲೆಲುಬಿನ ನಡುವೆ ಇಟ್ಟರು.

ನಾನು ಎತ್ತಿದೆ. ಗದ್ದ ಸಡಿಲ ಬಿಟ್ಟು, ಉಸಿರನ್ನು ಕೆಳಗಿನಿಂದ ತಂದು, ದನಿಯನ್ನು ಎದೆಯಲ್ಲೇ ಕೂರಿಸಿ ಹಾಡಿದೆ. ಕೇಳಲು ಚೆಂದವಾಗಲಿ ಎಂದಲ್ಲ, ಬೆನ್ನೆಲುಬು ಝುಮ್ ಅನ್ನಲಿ ಎಂದು. ಸಾಲಿನ ಕೊನೆಗೆ ಬಂದಾಗ ಅಲುಗು ಬಂತು. ಅಂಗೈ ಒಮ್ಮೆ ಒತ್ತಿತು. ನನ್ನ ದನಿ ಇನ್ನೂ ನಿಂತಿರುವಾಗಲೇ ಹಿಂದಿನಿಂದ ಆ ಕೊಡದ ದನಿ ಎದ್ದು ಅದನ್ನು ತೆಗೆದುಕೊಂಡಿತು. ಎರಡನೆಯದೂ ಹಾಗೆಯೇ, ಮೂರನೆಯದೂ. ಆಮೇಲೆ ನಾನು ಲೆಕ್ಕ ಬಿಟ್ಟೆ. ಮಗಳು ಕಣ್ಣು ಮುಚ್ಚಿಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು.

ಒಂದು ಪದ ಮುಗಿದಾಗ ನಮ್ಮ ಕ್ವಾರ್ಟರ್ಸಿನ ಹೆಂಗಸೊಬ್ಬಳು, ಹಾಡಿನ ಕ್ಲಾಸಿಗೆ ಹೋಗಿ ನಿನ್ನ ದನಿ ಸುಧಾರಿಸಿತು ನೋಡು, ಈಗ ಅತ್ತೆಗೆ ಕಷ್ಟವಿಲ್ಲ ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ನಾನು ನಕ್ಕು ಹೌದು ಅಂದೆ. ಎಲ್ಲರೂ ನನ್ನ ಕಡೆ ತಿರುಗಿದ್ದನ್ನು ಕಂಡ ಅತ್ತೆ, ಆಕೆ ಏನಂದಳು ಎಂದು ಮೊಮ್ಮಗಳನ್ನು ಕೇಳಿದರು. ಅವಳು ಅಜ್ಜಿಯ ಕಡೆ ಬಾಗಿ ತನ್ನ ಅರೆಬರೆ ಕನ್ನಡದಲ್ಲಿ ಅದನ್ನು ಹೇಳಿದಳು.

ಅತ್ತೆ ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದರು, "ಆಕೀ ದನಿಗೆ ಮದಲೂ ಏನೂ ಆಗಿದ್ದಿಲ್ಲ. ನನಗ ಕಿವಿ ಕೇಳಸೂದಿಲ್ಲ. ಆಕೀ ಮ್ಯಾಲೆ ಹಾಕಿದ್ದೆ."

ನಾನು ಮುಂದಿನ ಪದ ಎತ್ತಬೇಕಿತ್ತು. ಒಂದಕ್ಷರ ಹೊರಡಲಿಲ್ಲ. ತಿಂಗಳುಗಟ್ಟಲೆ ಕಲಿತದ್ದೆಲ್ಲ ಎಲ್ಲಿ ಹೋಯಿತೋ. ಖಾಲಿ ಬೆಳೆಯುತ್ತಾ ಹೋಯಿತು. ಸೊಲ್ಲು ಬಿದ್ದೇಬಿಟ್ಟಿತು ಅನ್ನುವಾಗ ನನ್ನ ಬೆನ್ನ ಹಿಂದಿನಿಂದ ಅತ್ತೆ ಎತ್ತಿದರು. ಅವರ ಮನೆತನದಲ್ಲಿ ಅತ್ತೆ ಎತ್ತಿ ಸೊಸೆ ಹಿಡಿದದ್ದು ಅದುವರೆಗೆ ಇರಲಿಲ್ಲ. ಅಳುತ್ತಲೇ ಹಿಡಿದೆ.