ಅಕ್ಕ ತೆಗೆದ ಬೈತಲೆಗಳು

ನಮ್ಮ ಮಕ್ಕಳ ಆಸ್ಪತ್ರೆಯ ಎರಡನೇ ಮಹಡಿಯನ್ನು ಹತ್ತೊಂಬತ್ತು ವರ್ಷದಿಂದ ಗುಡಿಸಿ ಒರೆಸುತ್ತಿರುವವಳನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ಅವಳದು ಕಡುಕಪ್ಪು ಬಣ್ಣ, ಬಿಗಿ ಸುರುಳಿಯ ಕೂದಲು. ಅಂಥ ಜನರನ್ನು ನಮ್ಮೂರು ‘ಅವರು’ ಎಂದೇ ಕರೆಯುತ್ತದೆ. ಅಕ್ಕನ ಬಾಯಿ ಜೋರು, ಒದ್ದೆ ನೆಲದ ಮೇಲೆ ಕಾಲಿಟ್ಟರೆ ದೊಡ್ಡ ಡಾಕ್ಟರನ್ನೂ ಬಿಡುವವಳಲ್ಲ.

ಅಂದು ಅವಳ ಜನರದೇ ಆರು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ದಿನಕ್ಕೆ ನಾಲ್ಕು ಸಲ ಫಿಟ್ಸ್. ತಲೆಗೆ ತಂತಿ ಅಂಟಿಸಿ ಮೆದುಳಿನ ಪರೀಕ್ಷೆ ಮಾಡದೆ ಯಾವ ಔಷಧಿ ಕೊಡಬೇಕೆಂದು ಡಾಕ್ಟರು ಹೇಳುವಂತಿರಲಿಲ್ಲ. ಆ ಕೂದಲಿನಲ್ಲಿ ತಂತಿಯೋ ನಿಲ್ಲುತ್ತಿರಲಿಲ್ಲ. ಮೂರನೇ ಸಲವೂ ಟೆಕ್ನಿಷಿಯನ್ ಕೈಚೆಲ್ಲಿ, ತಲೆ ಬೋಳಿಸಿಕೊಂಡು ಬನ್ನಿ ಎಂದ. ಹುಡುಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮಗೆ ತಪ್ಪೆಲ್ಲ ಕೂದಲಿನದು. ಅವನೊಬ್ಬನನ್ನೇ ಏಕೆ ಬೈಯಲಿ? ತಲೆ ಬೋಳಿಸಿಕೊಂಡು ಬರಲಿ ಎಂದು ಚೀಟಿ ಬರೆದು ಇಂಥ ಮಕ್ಕಳನ್ನು ವಾಪಸ್ ಕಳಿಸುತ್ತಿದ್ದ ನರ್ಸು ನಾನೇ.

ತಾಯಿ ಮಗಳನ್ನು ಎತ್ತಿಕೊಂಡು ಹೊರಟಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಅರ್ಧ ಗಂಟೆ ಕೊಡಿ, ಕೈ ತೊಳೆದು ಬಂದು ಈ ಕೂದಲು ನಾನು ನೋಡಿಕೊಳ್ಳುತ್ತೇನೆ ಎಂದಳು. ಟೆಕ್ನಿಷಿಯನ್ ಗಡಿಯಾರ ನೋಡಿದ. ನಾನು ಹೂಂ ಎಂದುಬಿಟ್ಟೆ.

ತಂತಿ ಎಲ್ಲೆಲ್ಲಿ ಬರಬೇಕೆಂದು ಅಕ್ಕ ಅವನಿಂದಲೇ ತೋರಿಸಿಕೊಂಡು, ಅಲ್ಲಲ್ಲಿ ಬೈತಲೆ ತೆಗೆದು, ನಡುವಿನ ಕೂದಲನ್ನು ತಲೆಗೆ ಒತ್ತಿ ಹೆಣೆದಳು. ನಿನ್ನ ತಲೆಯೊಳಗಿನ ಕಾರುಬಾರು ನೋಡಲು ಯಂತ್ರ ಬರುತ್ತದಂತೆ, ದಾರಿ ಬಿಡೋಣ ಎಂದು ಹುಡುಗಿಯನ್ನು ನಗಿಸಿದಳು. ಇಪ್ಪತ್ತೊಂದು ತಂತಿಗಳೂ ಗಟ್ಟಿಯಾಗಿ ಕೂತವು. ಪರೀಕ್ಷೆ ಮುಗಿಯಿತು; ಸಂಜೆಯೊಳಗೆ ಡಾಕ್ಟರು ಔಷಧಿ ಬದಲಿಸಿದರು.

ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಅವಳನ್ನೇ ದಬಾಯಿಸಿದೆ.

ಅಕ್ಕ ಬಾಚಣಿಗೆ ಒರೆಸುತ್ತಾ ಹೇಳಿದಳು: “ಹೇಳಿದ್ದೆ ಸಿಸ್ಟರ್. ನೀವು ಹೊಸದಾಗಿ ಬಂದಾಗ್ಲೇ ಹೇಳಿದ್ದೆ. ನಿನ್ ಕೆಲಸ ನೀನು ನೋಡ್ಕೋ ಅಂದ್ರಿ.”

ನನಗೆ ನೆನಪೇ ಇರಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

“ವಾಪಸ್ ಹೋದೋರ ಫೋನ್ ನಂಬರು ನಿಮ್ ಹತ್ರಾನೇ ಇದ್ಯಲ್ಲ,” ಎಂದಳು. “ಕರೀರಿ. ನಾನು ಹೆಣೀತೀನಿ.”

ಮರುದಿನ ಬೆಳಿಗ್ಗೆ ಹಳೆಯ ಫೈಲುಗಳನ್ನು ತೆಗೆದು ಕೂತೆ. ಮೊದಲ ನಂಬರಿನಲ್ಲಿ ಒಬ್ಬ ಅಜ್ಜಿ ಸಿಕ್ಕರು. ಆಸ್ಪತ್ರೆಯಿಂದ ಎಂದದ್ದೇ ತಡ, ಮೊಮ್ಮಗಳ ತಲೆ ಬೋಳಿಸಿದ್ದೇವೆ, ನೀವು ಕರೆಯುತ್ತೀರೆಂದು ಕಾದು ಎರಡು ವರ್ಷದಿಂದ ಕೂದಲು ಬೆಳೆಯಲು ಬಿಟ್ಟೇ ಇಲ್ಲ, ಈಗಲಾದರೂ ಕರೆತರಬಹುದಾ ಎಂದು ಕೇಳಿದರು.